ಅವರ ಅಡುಗೆಮನೆ, ನಮ್ಮ ಗೈಡು

2005ರಲ್ಲಿ ಬ್ರಿಟನ್ನಿನ ಆಲೂಗಡ್ಡೆ ಬೆಳೆಗಾರರು ಫಲಕ ಹಿಡಿದು ಬೀದಿಗಿಳಿದಿದ್ದರು. ಲಂಡನ್ನಿನ ಪಾರ್ಲಿಮೆಂಟಿನ ಎದುರೂ ನಿಂತರು, ನಿಘಂಟಿನ ಊರಾದ ಆಕ್ಸ್‌ಫರ್ಡಿನಲ್ಲೂ ನಿಂತರು. ಬೆಲೆ ಬಿದ್ದಿದ್ದಕ್ಕಲ್ಲ, ಗೊಬ್ಬರ ಸಿಗದಿದ್ದಕ್ಕೂ ಅಲ್ಲ. ಒಂದು ಮಾತಿನ ಮೇಲಿನ ಸಿಟ್ಟಿಗೆ. ಸೋಫಾದ ಮೇಲೆ ಬಿದ್ದುಕೊಂಡು ದಿನವಿಡೀ ಟಿ.ವಿ. ನೋಡುವ ಸೋಮಾರಿಯನ್ನು ಇಂಗ್ಲಿಷಿನಲ್ಲಿ 'ಕೌಚ್ ಪೊಟೇಟೊ' ಎನ್ನುತ್ತಾರಲ್ಲ, ಅದರಿಂದ ತಮ್ಮ ಬೆಳೆಯ ಮಾನ ಹೋಗುತ್ತಿದೆ, ನಿಘಂಟಿನಿಂದ ಅದನ್ನು ತೆಗೆದು ಬೇಕಿದ್ದರೆ 'ಕೌಚ್ ಸ್ಲೌಚ್' ಎಂದು ಬರೆದುಕೊಳ್ಳಿ ಎನ್ನುವುದು ಅವರ ಬೇಡಿಕೆ. ನಿಘಂಟಿನವರು ಜಗ್ಗಲಿಲ್ಲ, ಆ ಮಾತು ಇಂದಿಗೂ ಅಲ್ಲೇ ಇದೆ. ಅಂಗಮಾರಿ ರೋಗದ ಜೊತೆ ಗುದ್ದಾಡುವ ನಮ್ಮ ಹಾಸನದ ಬೆಳೆಗಾರರಿಗೆ ಇದು ಹೊಟ್ಟೆ ತುಂಬಿದವರ ಜಗಳದಂತೆ ಕಂಡೀತು. ಆದರೂ ಆ ಪ್ರತಿಭಟನೆಯಲ್ಲಿ ಒಂದು ತಿಳಿವಳಿಕೆ ಇತ್ತು. ನುಡಿಗಟ್ಟಿನೊಳಗೆ ಕೂತ ತರಕಾರಿ ಕೇವಲ ಸದ್ದಲ್ಲ; ಅದಕ್ಕೆ ಹೊಲ, ಸಂತೆ, ಒಲೆ, ತಟ್ಟೆ ಎಲ್ಲವೂ ಅಂಟಿಕೊಂಡಿರುತ್ತವೆ ಎಂಬುದು ಆ ರೈತರಿಗೆ ಗೊತ್ತಿತ್ತು.

ನಮ್ಮಲ್ಲಿ ಇಂಗ್ಲಿಷ್ ನುಡಿಗಟ್ಟು ಕಲಿಸುವವರು ಮರೆತಿರುವುದು ಇದನ್ನೇ. ಎಸ್‌ಎಸ್‌ಸಿ ಪರೀಕ್ಷೆಯೋ ಬ್ಯಾಂಕ್ ಪರೀಕ್ಷೆಯೋ ಬರೆಯುವ ಹುಡುಗರ ಕೈಯಲ್ಲಿರುವ ಗೈಡು ತೆರೆದು ನೋಡಿ. ಎಡಗಡೆ ಒಂದು ಸಾಲು, ಬಲಗಡೆ ಒಂದು ಸಾಲು. 'ಪೀಸ್ ಆಫ್ ಕೇಕ್' ಎಂದರೆ ಸುಲಭದ ಕೆಲಸ. 'ಸ್ಪಿಲ್ ದ ಬೀನ್ಸ್' ಎಂದರೆ ಗುಟ್ಟು ಬಿಟ್ಟುಕೊಡುವುದು. 'ಈಟ್ ಹಂಬಲ್ ಪೈ' ಎಂದರೆ ತಪ್ಪೊಪ್ಪಿಕೊಂಡು ತಲೆ ತಗ್ಗಿಸುವುದು. ಹೀಗೆ ನೂರಿನ್ನೂರು ಸಾಲು. ಕೇಕು, ಬೀನ್ಸು, ಪೈ ಎಲ್ಲಾ ಒಂದೇ ತಕ್ಕಡಿಯಲ್ಲಿ. ಇದು ಅರ್ಥ ಕಲಿಸುವ ದಾರಿಯಲ್ಲ, ಅರ್ಥದ ಸಿಪ್ಪೆ ಹಂಚುವ ದಾರಿ. ಇಂಗ್ಲಿಷಿನ ಊಟದ ನುಡಿಗಟ್ಟುಗಳು ಆ ಜನರ ಅಡುಗೆಮನೆಯ ಲೆಕ್ಕದ ಪುಸ್ತಕ. ಯಾರು ಉಂಡರು, ಯಾರು ಬಡಿಸಿದರು, ಯಾರು ಎಲ್ಲಿ ಕೂತರು, ಸಾಮಾನು ಯಾವ ಹಡಗಿನಲ್ಲಿ ಬಂತು ಎಂಬುದೆಲ್ಲ ಅದರಲ್ಲಿ ಬರೆದಿದೆ. ಆ ಪುಸ್ತಕ ಓದಲು ಬರದವನಿಗೆ ನುಡಿಗಟ್ಟನ್ನು ಎಲ್ಲಿ ಬಳಸಬೇಕು ಎಂಬುದೂ ತಿಳಿಯದು, ಅದನ್ನು ಕನ್ನಡಕ್ಕೆ ತರುವುದಂತೂ ಬಾರದು.

ರೊಟ್ಟಿಯಿಂದಲೇ ಶುರು ಮಾಡೋಣ. ಇಂಗ್ಲಿಷಿನ 'ಲಾರ್ಡ್' ಎಂಬ ಭಾರೀ ಪದ ಹಳೆಯ ಇಂಗ್ಲಿಷಿನಲ್ಲಿ 'ಹ್ಲಾಫ್‌ವೇರ್ಡ್' ಆಗಿತ್ತು, ಅಂದರೆ ರೊಟ್ಟಿ ಕಾಯುವವನು. 'ಲೇಡಿ' ಎಂಬುದು 'ಹ್ಲ್ಯಾಫ್‌ಡಿಗೆ', ರೊಟ್ಟಿಯ ಹಿಟ್ಟು ನಾದುವವಳು. ಅದೇ ಕಾಲದ ಕಾನೂನಿನ ಬರಹದಲ್ಲಿ ಒಡೆಯನ ಮನೆಯ ಆಳಿಗೆ 'ರೊಟ್ಟಿ ತಿನ್ನುವವನು' ಎಂಬ ಅರ್ಥದ ಹೆಸರಿದೆ. ಒಬ್ಬ ಕಾಯುತ್ತಾನೆ, ಒಬ್ಬಳು ನಾದುತ್ತಾಳೆ, ಒಬ್ಬ ತಿಂದು ದುಡಿಯುತ್ತಾನೆ: ಒಂದು ಇಡೀ ಸಮಾಜವನ್ನು ಒಂದು ರೊಟ್ಟಿಯ ಸುತ್ತ ಕೂರಿಸಿದ್ದಾಯಿತು. ಹೊಟ್ಟೆಪಾಡಿನ ಕೆಲಸವನ್ನು 'ಬ್ರೆಡ್ ಅಂಡ್ ಬಟರ್' ಎನ್ನುವುದು, ಮನೆ ಸಾಕುವವನನ್ನು 'ಬ್ರೆಡ್ ವಿನ್ನರ್' ಎನ್ನುವುದು, ತನಗೆ ಲಾಭ ಎಲ್ಲಿಂದ ಎಂದು ಬಲ್ಲವನನ್ನು ರೊಟ್ಟಿಯ ಯಾವ ಬದಿಗೆ ಬೆಣ್ಣೆ ಹಚ್ಚಿದೆ ಎಂದು ಬಲ್ಲವನು ಎನ್ನುವುದು ಎಲ್ಲವೂ ಆ ಬೇರಿನಿಂದ ಚಿಗುರಿದ ಮಾತುಗಳೇ. ಇವುಗಳಲ್ಲಿ ಕೊನೆಯದು ಜಾನ್ ಹೇವುಡ್ 1546ರಲ್ಲಿ ಅಚ್ಚು ಹಾಕಿಸಿದ ಗಾದೆ ಸಂಗ್ರಹದಲ್ಲೇ ಇದೆ. ಅನ್ನದಾತ, ಅನ್ನದ ಋಣ, ಅನ್ನಕ್ಕೆ ಕಲ್ಲು ಹಾಕುವುದು ಎಂದು ಮಾತಾಡುವ ನಮಗೆ ಇದು ಹೊಸದೇನಲ್ಲ. ಅವರ ರೊಟ್ಟಿಯ ಜಾಗದಲ್ಲಿ ನಮ್ಮ ಅನ್ನ ಕೂತಿದೆ, ಅಷ್ಟೇ.

ಉಪ್ಪಿನ ವಿಷಯಕ್ಕೆ ಬಂದರೆ ದಾರಿ ಕವಲೊಡೆಯುತ್ತದೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಗ್ಲೆಂಡಿನ ದೊಡ್ಡ ಮನೆಗಳ ಔತಣದಲ್ಲಿ ಉದ್ದನೆಯ ಮೇಜಿನ ಮೇಲೆ ಉಪ್ಪಿನ ದೊಡ್ಡ ಪಾತ್ರೆ ಇಡುತ್ತಿದ್ದರು. ಅದರ ಮೇಲ್ಗಡೆ ಯಜಮಾನ, ಗಣ್ಯರು. ಕೆಳಗಡೆ ಸಾಮಾನ್ಯರು, ಆಶ್ರಿತರು. 'ಬಿಲೋ ದ ಸಾಲ್ಟ್' ಎಂದರೆ ಅಂತಸ್ತಿನಲ್ಲಿ ಕೆಳಗಿನವನು. ನಮ್ಮ ಓದುಗರಿಗೆ ಇದನ್ನು ವಿವರಿಸಲು ಒಂದೇ ಪದ ಸಾಕು: ಪಂಕ್ತಿಭೇದ. ಯಾರ ಪಕ್ಕ ಯಾರು ಉಣ್ಣಬಹುದು ಎಂಬ ಪ್ರಶ್ನೆಗೆ ನಮ್ಮಲ್ಲಿ ಮಠ, ಛತ್ರಗಳ ಪಂಕ್ತಿ ಉತ್ತರ ಕೊಡುತ್ತಿದ್ದರೆ ಅಲ್ಲಿ ಉಪ್ಪಿನ ಪಾತ್ರೆ ಕೊಡುತ್ತಿತ್ತು. ಆದರೆ ಕನ್ನಡದ ಉಪ್ಪು ಆಡುವ ಮಾತೇ ಬೇರೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು, ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯಬೇಕು. ನಮ್ಮ ಉಪ್ಪು ಋಣ ಹೊರಿಸುತ್ತದೆ, ಅವರ ಉಪ್ಪು ಬೆಲೆ ಕಟ್ಟುತ್ತದೆ. 'ವರ್ತ್ ಹಿಸ್ ಸಾಲ್ಟ್' ಎಂದರೆ ಕೊಟ್ಟ ಕೂಲಿಗೆ ತಕ್ಕ ಕೆಲಸಗಾರ. ಅಲ್ಲಿ ಲೆಕ್ಕ ಯಜಮಾನನ ಕಡೆಯದು. ಉಪ್ಪಿನ ಋಣದಲ್ಲಿ ಲೆಕ್ಕ ಉಂಡವನ ಎದೆಯೊಳಗಿನದು. ಗೈಡಿನ ಎರಡು ಸಾಲು ಈ ಅಂತರವನ್ನು ನುಂಗಿ ನೀರು ಕುಡಿದುಬಿಡುತ್ತದೆ.

ಅಂಗಡಿ ಬೀದಿಯಲ್ಲೂ ಇಂಥದೇ ಒಂದು ಜೋಡಿ ಸಿಗುತ್ತದೆ. 'ಬೇಕರ್ಸ್ ಡಜನ್' ಎಂದರೆ ಹನ್ನೆರಡಲ್ಲ, ಹದಿಮೂರು. 1266ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರೊಟ್ಟಿಯ ತೂಕ ಮತ್ತು ಬಿಯರಿನ ಅಳತೆಯ ಮೇಲೆ ಕಟ್ಟುನಿಟ್ಟಿನ ಶಾಸನ ಬಂತು. ತೂಕ ತಪ್ಪಿದ ಬೇಕರಿಯವನಿಗೆ ದಂಡ ಬೀಳುತ್ತಿತ್ತು, ಊರ ನಡುವೆ ಕಟ್ಟಿಹಾಕಿ ಅವಮಾನ ಮಾಡುವುದೂ ಉಂಟು. ಎಲ್ಲಿ ಕಡಿಮೆಯಾದೀತೋ ಎಂದು ಒಂದು ರೊಟ್ಟಿ ಹೆಚ್ಚು ಕೊಡುವ ರೂಢಿಯ ಜೊತೆ ಈ ಮಾತನ್ನು ಹೆಣೆಯುತ್ತಾರೆ. ನಮ್ಮ ಸಂತೆಯಲ್ಲಿ ಸೊಪ್ಪಿನ ಅಜ್ಜಿ ಅಳೆದು ಕೊಟ್ಟ ಮೇಲೆ ಮತ್ತೊಂದು ಹಿಡಿ ಹಾಕುತ್ತಾಳಲ್ಲ, ಅದು ಕೊಸರು. ಎರಡೂ ಹೆಚ್ಚುವರಿಯೇ. ಒಂದರ ಹಿಂದೆ ಸರ್ಕಾರದ ಭಯ, ಇನ್ನೊಂದರ ಹಿಂದೆ ಗಿರಾಕಿ ನಾಳೆಯೂ ಬರಲಿ ಎಂಬ ಆಸೆ.

ಈಗ ಹಂಬಲ್ ಪೈ. ಈ ಒಂದು ಮಾತನ್ನು ಬಿಡಿಸಿ ನೋಡಿದರೆ ಪಟ್ಟಿ ಪದ್ಧತಿಯ ಬಡತನ ಮಾತ್ರವಲ್ಲ, ಪಟ್ಟಿಗೆ ಪರ್ಯಾಯವೆಂದು ಇಂಟರ್ನೆಟ್ಟಿನಲ್ಲಿ ತಿರುಗುವ ಕಥೆಗಳ ಟೊಳ್ಳೂ ಕಾಣುತ್ತದೆ. ಜಿಂಕೆಯ ಕರುಳು, ಈಲಿ, ಗುಂಡಿಗೆಗಳಿಗೆ, ಒಟ್ಟಾರೆ ನಮ್ಮ ಕಡೆಯ ಬೋಟಿ ಇದ್ದ ಹಾಗೆ, ಹಳೆಯ ಇಂಗ್ಲಿಷ್ ಅಡುಗೆಯಲ್ಲಿ 'ನಂಬಲ್ಸ್' ಎನ್ನುತ್ತಿದ್ದರು. ಮಾತಿನ ಭರದಲ್ಲಿ ಮೊದಲಿನ ನಕಾರ ಹಿಂದಿನ ಪದಕ್ಕೆ ಅಂಟಿಕೊಂಡು 'ಅಂಬಲ್ಸ್' ಉಳಿಯಿತು. ಅಡುಗೆಯವರು ಕಟ್ಟಿಕೊಳ್ಳುವ 'ಏಪ್ರನ್' ಕೂಡ ಹೀಗೇ 'ನೇಪ್ರನ್' ಆಗಿದ್ದು ನಕಾರ ಕಳೆದುಕೊಂಡದ್ದು. ಅಂಬಲ್ಸ್ ಹಾಕಿ ಬೇಯಿಸಿದ ಪೈ 'ಅಂಬಲ್ ಪೈ'. ವಿನಯ ಎಂಬ ಅರ್ಥದ 'ಹಂಬಲ್' ಲ್ಯಾಟಿನ್ನಿನ ಬೇರೆಯದೇ ಪದದಿಂದ, ನೆಲ ಎಂಬ ಅರ್ಥದ ಬೇರಿನಿಂದ ಬಂದದ್ದು. ಇವೆರಡಕ್ಕೂ ಹುಟ್ಟಿನಲ್ಲಿ ಸಂಬಂಧವಿಲ್ಲ. ಆದರೆ ಹಕಾರ ನುಂಗಿ ಮಾತಾಡುವ ಬಾಯಲ್ಲಿ ಎರಡೂ ಒಂದೇ ಸದ್ದು. ಆ ಶ್ಲೇಷೆಯೇ 19ನೇ ಶತಮಾನದ ಹೊತ್ತಿಗೆ ತಲೆತಗ್ಗಿಸುವವನ ಊಟವಾಗಿ ಗಟ್ಟಿಯಾಯಿತು.

ಇದಕ್ಕೆ ಹೇಳುವ ಜನಪ್ರಿಯ ಕಥೆ ಇನ್ನೂ ಚಂದ: ಒಡೆಯನಿಗೆ ತೊಡೆಯ ಮಾಂಸ, ಮೇಜಿನ ತುದಿಯ ಬಡವನಿಗೆ ಕರುಳಿನ ಪೈ, ಆದ್ದರಿಂದ ಆ ಪೈ ಅವಮಾನದ ಗುರುತು. ಕೇಳಲು ಸೊಗಸು. ಆದರೆ 1660ರ ದಶಕದ ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್‌ನ ದಿನಚರಿ ಈ ಕಥೆಯ ಕಾಲಿಗೆ ತೊಡರುತ್ತದೆ. ಪೀಪ್ಸ್ ನೌಕಾ ಇಲಾಖೆಯ ದೊಡ್ಡ ಅಧಿಕಾರಿ, ಉಣ್ಣಲು ಉಡಲು ಕೊರತೆ ಇಲ್ಲದವನು. 1663ರ ಜುಲೈಯಲ್ಲಿ ಪರಿಚಯದ ಹೆಂಗಸೊಬ್ಬಳು ಬಿಸಿಬಿಸಿ ಅಂಬಲ್ ಪೈ ತಂದುಕೊಟ್ಟದ್ದನ್ನೂ ಅದು ಬಹಳ ರುಚಿಯಾಗಿದ್ದುದನ್ನೂ ಅವನು ಬರೆದಿಟ್ಟಿದ್ದಾನೆ. ಅವಮಾನದ ಸುಳಿವೇ ಅಲ್ಲಿಲ್ಲ. ಬೋಟಿ ಗೊಜ್ಜಿಗೆ ಬಾಯಿ ಚಪ್ಪರಿಸುವ ಹಳೇ ಮೈಸೂರಿನ ಕಡೆಯವರಿಗೆ ಪೀಪ್ಸ್‌ನ ಸಂತೋಷ ಚೆನ್ನಾಗಿಯೇ ಅರ್ಥವಾದೀತು. ಹಾಗಾದರೆ ಅವಮಾನ ಬಂದದ್ದು ತಟ್ಟೆಯಿಂದಲ್ಲ, ನಾಲಿಗೆಯಿಂದ. ಆ ಪೈ ಮನೆಮನೆಯ ಅಡುಗೆಯಾಗಿದ್ದಾಗ ಅದು ಹೊಟ್ಟೆಗೆ ಹಿತವಾಗಿತ್ತು. ಪೈ ಮರೆಯಾಗಿ ಅದರ ಹೆಸರಷ್ಟೇ ಉಳಿದಾಗ ಹೆಸರಿನ ಸದ್ದು ಹೊಸ ಅರ್ಥಕ್ಕೆ ಒದಗಿತು.

ಊಟದ ಮಾತುಗಳಿಗೆ ಸುಳ್ಳು ಕಥೆಗಳು ಬೇರೆಲ್ಲಕ್ಕಿಂತ ಬೇಗ ಮುತ್ತುತ್ತವೆ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ. ಎಲ್ಲರ ಮನೆಯಲ್ಲೂ ಒಲೆ ಇರುವುದರಿಂದ ಎಲ್ಲರೂ ಈ ವಿಷಯದಲ್ಲಿ ಪಂಡಿತರೇ. ಗಣ್ಯರನ್ನು 'ಅಪ್ಪರ್ ಕ್ರಸ್ಟ್' ಎನ್ನುವುದಕ್ಕೆ, ರೊಟ್ಟಿಯ ತಳ ಸೀದು ಆಳಿಗೆ, ಮೇಲ್ಪದರ ಅತಿಥಿಗೆ ಹೋಗುತ್ತಿತ್ತು ಎಂಬ ಕಾರಣವನ್ನು 1999ರ ಹೊತ್ತಿನ ಒಂದು ಸರಣಿ ಇಮೇಲ್ ಲೋಕಕ್ಕೆಲ್ಲ ಹಂಚಿತು. 1500ರ ಇಸವಿಯ ಬದುಕು ಹೀಗಿತ್ತು ಎಂಬ ಧಾಟಿಯಲ್ಲಿ ಅದು ಕಥೆ ಕಟ್ಟಿತ್ತು. ಆದರೆ ಗಣ್ಯವರ್ಗ ಎಂಬ ಅರ್ಥದಲ್ಲಿ ಆ ಮಾತು ಕಾಣಿಸಿಕೊಳ್ಳುವುದು 19ನೇ ಶತಮಾನದಲ್ಲಿ. ಬೇಡದ ನೆಂಟನಿಗೆ ಆರಿದ ಮಾಂಸ ಬಡಿಸುತ್ತಿದ್ದರು, ಅದಕ್ಕೇ 'ಕೋಲ್ಡ್ ಶೋಲ್ಡರ್' ಎನ್ನುತ್ತಾರೆ ಎಂಬುದೂ ಇಂಥದೇ. ವಾಲ್ಟರ್ ಸ್ಕಾಟ್ 1816ರ 'ದಿ ಆ್ಯಂಟಿಕ್ವೆರಿ' ಕಾದಂಬರಿಯಲ್ಲಿ ಅದನ್ನು ಬಳಸಿದ್ದು ಮುಖ ತಿರುಗಿಸಿ ಹೆಗಲು ತೋರಿಸುವ ಅರ್ಥದಲ್ಲಿ. ಅಲ್ಲಿ ತಟ್ಟೆಯೂ ಇಲ್ಲ, ಮಾಂಸವೂ ಇಲ್ಲ. ರೋಮಿನ ಸೈನಿಕರಿಗೆ ಸಂಬಳವಾಗಿ ಉಪ್ಪನ್ನೇ ಅಳೆದು ಕೊಡುತ್ತಿದ್ದರು ಎಂಬ, ನಮ್ಮ ಶಾಲಾ ಭಾಷಣಗಳಲ್ಲೂ ಕೇಳಿಬರುವ ಮಾತಿಗೆ ಪ್ರಾಚೀನ ರೋಮಿನ ಬರಹಗಳಲ್ಲಿ ನೇರ ಆಧಾರವಿಲ್ಲ. 'ಸ್ಯಾಲರಿ'ಯ ಮೂಲಪದಕ್ಕೂ ಉಪ್ಪಿಗೂ ನಂಟಿರುವುದು ನಿಜ, ಉಪ್ಪಿನ ಮೂಟೆಯ ಚಿತ್ರ ಮಾತ್ರ ನಂತರದವರು ಬಿಡಿಸಿದ್ದು.

ದುಡಿದು ಮನೆ ಸಾಕುವುದಕ್ಕೆ, ಗೆದ್ದು ಬರುವುದಕ್ಕೆ ಹೇಳುವ 'ಬ್ರಿಂಗ್ ಹೋಮ್ ದ ಬೇಕನ್' ಎಂಬುದಕ್ಕೂ ಇಂಗ್ಲೆಂಡಿನ ಡನ್‌ಮೋ ಎಂಬ ಊರಿನಲ್ಲಿ ಜಗಳವಾಡದ ಗಂಡಹೆಂಡಿರಿಗೆ ಹಂದಿಮಾಂಸದ ಬಹುಮಾನ ಕೊಡುವ ಪುರಾತನ ಆಚರಣೆಯನ್ನು ತೋರಿಸುತ್ತಾರೆ. ಆಚರಣೆ ನಿಜವೇ, ಚಾಸರ್ ಕವಿಯೂ ಅದನ್ನು ಬಲ್ಲ. ಆದರೆ ಆ ಮಾತು ಊರೆಲ್ಲ ಹರಡಿದ್ದು 1906ರ ಸೆಪ್ಟೆಂಬರಿನಲ್ಲಿ, ಅಮೆರಿಕದ ನೆವಾಡಾದ ಗೋಲ್ಡ್‌ಫೀಲ್ಡ್‌ನಲ್ಲಿ ನಡೆದ ಒಂದು ಬಾಕ್ಸಿಂಗ್ ಪಂದ್ಯದಿಂದ. ಕಪ್ಪು ಜನಾಂಗದ ಚಾಂಪಿಯನ್ ಜೋ ಗ್ಯಾನ್ಸ್‌ಗೆ ಅವನ ತಾಯಿ ಕಳಿಸಿದ ತಂತಿ ಸಂದೇಶದಲ್ಲಿ ಬೇಕನ್ ಮನೆಗೆ ತಾ ಎಂಬ ಮಾತಿತ್ತು. ಮಗ ಗೆದ್ದ, ಪತ್ರಿಕೆಗಳು ಅದನ್ನು ಎತ್ತಿಕೊಂಡವು. ಮಧ್ಯಯುಗದ ದಂಪತಿಗಳಿಗಿಂತ ಆ ತಾಯಿಯ ತಂತಿ ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ. ಮಗನ ಗೆಲುವು ಅವಳಿಗೆ ಬಿರುದಲ್ಲ, ಮನೆಯ ಒಲೆ.

ಭಾರತದ ಮೇಲೆ ಹೊರಿಸಿದ ಕಥೆಯೂ ಒಂದಿದೆ. ಹೊಗಳಿ ಕೆಲಸ ಸಾಧಿಸುವುದಕ್ಕೆ 'ಬಟರ್ ಅಪ್' ಎನ್ನುತ್ತಾರಲ್ಲ, ಅದು ಪ್ರಾಚೀನ ಭಾರತೀಯರು ದೇವರ ವಿಗ್ರಹಕ್ಕೆ ಬೆಣ್ಣೆ ಉಂಡೆ ಎಸೆದು ವರ ಬೇಡುತ್ತಿದ್ದ ಪದ್ಧತಿಯಿಂದ ಬಂತಂತೆ. ಆಂಜನೇಯನ ಬೆಣ್ಣೆ ಅಲಂಕಾರ ನೋಡಿದವರು ಇದನ್ನು ಕೂಡಲೇ ನಂಬಿಬಿಟ್ಟಾರು. ಆದರೆ ದೇವರಿಗೆ ಬೆಣ್ಣೆ ಎಸೆಯುವವರನ್ನು ಯಾರು ಎಲ್ಲಿ ಕಂಡರೋ. ರೊಟ್ಟಿಗೆ ಬೆಣ್ಣೆ ಸವರುವ ಜನಕ್ಕೆ ಹೊಗಳಿಕೆಯನ್ನು ಬೆಣ್ಣೆಗೆ ಹೋಲಿಸಲು ಭಾರತದ ತನಕ ಬರಬೇಕಾಗಿರಲಿಲ್ಲ. ಬೆಂಗಳೂರಿನ ಹುಡುಗರು 'ಪೂಸಿ ಹೊಡೆಯುವುದು' ಎನ್ನುತ್ತಾರೆ, ಪೂಸುವುದೆಂದರೂ ಸವರುವುದೇ. ಜಿಡ್ಡನ್ನು ನಯವಾಗಿ ಸವರಿದರೆ ಎಲ್ಲಿಯಾದರೂ ಜಾರುತ್ತದೆ ಎಂಬುದನ್ನು ಎರಡು ಭಾಷೆಗಳು ಬೇರೆಬೇರೆಯಾಗಿಯೇ ಕಂಡುಕೊಂಡಿರಬಹುದು.

ಹಾಗೆಂದು ಭಾರತದ, ಅದರಲ್ಲೂ ನಮ್ಮ ಕರಾವಳಿಯ ಋಣ ಆ ಅಡುಗೆಮನೆಯಲ್ಲಿ ಇಲ್ಲವೆಂದಲ್ಲ. ಅದು ಕಟ್ಟುಕಥೆಯಲ್ಲಿಲ್ಲ, ಕಾಳುಮೆಣಸಿನಲ್ಲಿದೆ. ಹೆಸರಿಗಷ್ಟೇ ಕೊಡುವ ಬಾಡಿಗೆಯನ್ನು ಇಂಗ್ಲಿಷ್ ಕಾನೂನಿನ ಭಾಷೆ 'ಪೆಪ್ಪರ್‌ಕಾರ್ನ್ ರೆಂಟ್' ಎನ್ನುತ್ತದೆ, ಒಂದು ಕಾಳುಮೆಣಸಿನ ಬಾಡಿಗೆ. ಮಧ್ಯಯುಗದಲ್ಲಿ ಮೆಣಸು ಅಗ್ಗದ ಸರಕಾಗಿರಲಿಲ್ಲ. ಬಾಡಿಗೆಯನ್ನು ಪೌಂಡುಗಟ್ಟಲೆ ಮೆಣಸಿನಲ್ಲೇ ಕೊಡುವ ಕರಾರುಗಳಿದ್ದವು, ಲಂಡನ್ನಿನಲ್ಲಿ ಮೆಣಸಿನ ವ್ಯಾಪಾರಿಗಳ ಸಂಘದ ಉಲ್ಲೇಖ 1180ರಷ್ಟು ಹಿಂದೆಯೇ ಸಿಗುತ್ತದೆ. ಆ ಮೆಣಸಿಗಾಗಿಯೇ ಯುರೋಪಿನ ಹಡಗುಗಳು ಮಲಬಾರಿಗೂ ಕೆನರಾ ತೀರಕ್ಕೂ ಬಂದವು. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಹಡಗು ಹೆಚ್ಚಿದಂತೆ ಮೆಣಸು ಅಗ್ಗವಾಯಿತು, ಮಾತಿನಲ್ಲೂ ಅದರ ತೂಕ ಇಳಿಯಿತು, ಕೊನೆಗೆ ಒಂದು ಕಾಳೆಂದರೆ ಏನೂ ಅಲ್ಲ ಎಂದಾಯಿತು. ಬರ್ಮುಡಾ ದ್ವೀಪದ ಸೇಂಟ್ ಜಾರ್ಜ್ ಊರಿನ ಫ್ರೀಮೇಸನ್ನರ ಸಂಘ ಅಲ್ಲಿನ ಹಳೆಯ ಸರ್ಕಾರಿ ಭವನಕ್ಕೆ 1816ರಿಂದ ವರ್ಷಕ್ಕೆ ಒಂದೇ ಒಂದು ಕಾಳುಮೆಣಸನ್ನು ಬಾಡಿಗೆಯಾಗಿ, ಅದೂ ಬೆಳ್ಳಿ ತಟ್ಟೆಯಲ್ಲಿಟ್ಟು, ಸಲ್ಲಿಸುತ್ತ ಬಂದಿದೆ. ಶಿರಸಿ, ಸಿದ್ದಾಪುರದ ತೋಟಗಳಲ್ಲಿ ಅಡಿಕೆ ಮರಕ್ಕೆ ಹಬ್ಬಿಸುವ ಬಳ್ಳಿಯ ಕಾಳು ಇಂಗ್ಲಿಷಿನಲ್ಲಿ ಬೆಲೆ ಇಲ್ಲದಿರುವಿಕೆಗೆ ಪರ್ಯಾಯ ಪದವಾದದ್ದು ಒಂದು ಇಡೀ ವ್ಯಾಪಾರದ ಚರಿತ್ರೆ. ಗೈಡಿನಲ್ಲಿ ಅದು 'ಅತಿ ಕಡಿಮೆ ಬಾಡಿಗೆ' ಎಂದು ಮುಗಿಯುತ್ತದೆ.

ಕಳೆದ ಶತಮಾನದಲ್ಲಿ ಅಡುಗೆಮನೆ ಅಮೆರಿಕಕ್ಕೆ ಸಾಗಿತು, ಮಾತು ಒರಟಾಯಿತು. ಹಣ ದುರುಪಯೋಗದ ಆರೋಪ ಹೊತ್ತು ಹಾಂಡುರಾಸಿಗೆ ಓಡಿಹೋಗಿದ್ದ ಕಥೆಗಾರ ಓ. ಹೆನ್ರಿ 1904ರ 'ಕ್ಯಾಬೇಜಸ್ ಅಂಡ್ ಕಿಂಗ್ಸ್' ಪುಸ್ತಕದಲ್ಲಿ 'ಬನಾನಾ ರಿಪಬ್ಲಿಕ್' ಎಂಬ ಮಾತನ್ನು ಟಂಕಿಸಿದ. ಹಣ್ಣಿನ ಕಂಪನಿಗಳ ಮರ್ಜಿಯಲ್ಲಿ ಏಳುವ ಬೀಳುವ ಮಧ್ಯ ಅಮೆರಿಕದ ಸರ್ಕಾರಗಳು ಅದರ ಗುರಿ. ನಮ್ಮ ಪತ್ರಿಕೆಗಳಲ್ಲಿ ಇದನ್ನು 'ಬಾಳೆಹಣ್ಣಿನ ಗಣರಾಜ್ಯ' ಎಂದು ಬರೆದರೆ ಏನಾಗುತ್ತದೆ? ಮದುವೆ ಚಪ್ಪರಕ್ಕೆ ಬಾಳೆಕಂದು ಕಟ್ಟುವ, ದೇವರ ಮುಂದೆ ಚಿಪ್ಪು ಬಾಳೆ ಇಡುವ ನಾಡಿನ ಓದುಗನಿಗೆ ಅದು ಸುಭಿಕ್ಷ ರಾಜ್ಯವೆಂದೇ ಕೇಳಿಸೀತು. 1911ರ ಹೊತ್ತಿಗೆ ಕಾರ್ಮಿಕ ಹೋರಾಟಗಾರ ಜೋ ಹಿಲ್ ತನ್ನ ಅಣಕು ಹಾಡೊಂದರಲ್ಲಿ 'ಪೈ ಇನ್ ದ ಸ್ಕೈ' ಎಂದ. ಈಗ ಹಸಿದಿರು, ಸತ್ತ ಮೇಲೆ ಸ್ವರ್ಗದಲ್ಲಿ ಉಣ್ಣುವೆಯಂತೆ ಎಂದು ಕೂಲಿಕಾರರಿಗೆ ಬೋಧಿಸುವ ಪ್ರಚಾರಕರಿಗೆ ಅದು ಪೆಟ್ಟು. ಗೈಡು 'ಹುಸಿ ಭರವಸೆ' ಎನ್ನುತ್ತದೆ. ತಪ್ಪಲ್ಲ, ಆದರೆ ಹಸಿವು ಬಿಟ್ಟುಹೋಯಿತು. ಹಸಿವು ಇಲ್ಲದ ಮೇಲೆ ಆ ಮಾತಿಗೆ ಹಲ್ಲೂ ಇಲ್ಲ.

ಒಂದು ಮಾತಿನ ಕಟ್ಟಡ ಎಷ್ಟು ಮುಖ್ಯ ಎನ್ನುವುದಕ್ಕೆ ಅಮೆರಿಕದ ಪೊಲೀಸ್ ದಾಖಲೆಯಲ್ಲೇ ಉದಾಹರಣೆ ಇದೆ. ಎರಡೂ ಬೇಕು ಎನ್ನುವ ದುರಾಸೆಗೆ ಇಂಗ್ಲಿಷಿನಲ್ಲಿ ಕೇಕಿನ ಗಾದೆ. ಇವತ್ತಿನ ರೂಢಿಯಲ್ಲಿ ಮೊದಲು ಇಟ್ಟುಕೊಳ್ಳುವುದು, ಆಮೇಲೆ ತಿನ್ನುವುದು. ಹಳೆಯ ಬರಹಗಳಲ್ಲಿ ತಿನ್ನುವುದು ಮೊದಲು ಬರುವ ಕ್ರಮವೂ ಇದೆ, ಹೇವುಡ್‌ನ ಸಂಗ್ರಹದಲ್ಲಿ ಇರುವುದು ಅದೇ. ತರ್ಕಕ್ಕೆ ಅದೇ ಸರಿ: ತಿಂದ ಮೇಲೆ ಇಟ್ಟುಕೊಳ್ಳುವುದೆಲ್ಲಿಂದ ಬಂತು? ಅಂಚೆಯಲ್ಲಿ ಬಾಂಬು ಕಳಿಸಿ ಅಮೆರಿಕವನ್ನು ವರ್ಷಗಟ್ಟಲೆ ನಡುಗಿಸಿದ ಥಿಯೊಡೋರ್ ಕಝಿನ್ಸ್ಕಿ 1995ರಲ್ಲಿ ಪತ್ರಿಕೆಯಲ್ಲಿ ಅಚ್ಚಾದ ತನ್ನ ದೀರ್ಘ ಬರಹದಲ್ಲಿ ಈ ಹಳೆಯ ಕ್ರಮವನ್ನೇ ಬಳಸಿದ್ದ. ಅವನ ಶೈಲಿಯನ್ನು ಮೊದಲು ಗುರುತಿಸಿದ್ದು ಸ್ವಂತ ತಮ್ಮನ ಮನೆಯವರು. ಮನೆಯ ಹಳೆಯ ಪತ್ರಗಳಲ್ಲೂ ಕೇಕಿನ ಗಾದೆ ಅದೇ ಕ್ರಮದಲ್ಲಿ ಇದ್ದದ್ದು ತನಿಖೆ ಮಾಡುವವರ ಕೈಗೆ ಸಿಕ್ಕ ಸುಳಿವುಗಳಲ್ಲೊಂದಾಯಿತು. 1996ರ ಏಪ್ರಿಲ್‌ನಲ್ಲಿ ಮೊಂಟಾನಾದ ಗುಡಿಸಲಲ್ಲಿ ಅವನು ಸಿಕ್ಕಿಬಿದ್ದ. ಈ ಗಾದೆಯನ್ನು ಕನ್ನಡಕ್ಕೆ ತರಬೇಕಾದವನು ಕೇಕು ಹುಡುಕಿಕೊಂಡು ಬೇಕರಿಗೆ ಓಡಬೇಕಿಲ್ಲ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ಮಾತು ನಮ್ಮ ಅಟ್ಟದ ಮೇಲೇ ಇದೆ. ಎರಡೂ ಒಂದೇ ದುರಾಸೆಯನ್ನು ಹೇಳುತ್ತವೆ, ಆದರೂ ಒಂದರೊಳಗಿರುವುದು ಒಬ್ಬ ಮನುಷ್ಯ ಮತ್ತು ಅವನ ಕೇಕು. ಇನ್ನೊಂದರೊಳಗೆ ಹೊಸ್ತಿಲಲ್ಲಿ ನಿಂತ ನೆಂಟ, ಒಳಗೆ ಇಳಿಯುತ್ತಿರುವ ಅಕ್ಕಿಯ ಮಡಕೆ, ಎರಡರ ನಡುವೆ ಸಂಕೋಚಪಡುವ ಮನೆಯವರು. ಕನ್ನಡದ ಗಾದೆ ಮನೆ ತುಂಬಾ ಜನ ಇಟ್ಟುಕೊಂಡಿದೆ.

ನುಡಿಗಟ್ಟನ್ನು ಅದರ ಅಡುಗೆಮನೆಯ ಸಮೇತ ಕಲಿಯಬೇಕು ಎಂಬ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದವನಿಗೂ ಜಿಂಕೆಯ ಕರುಳಿನ ಸಂಗತಿ ಗೊತ್ತಿರುವುದಿಲ್ಲ, ಅವನು ಹಂಬಲ್ ಪೈ ಎಂದು ಸಲೀಸಾಗಿ ಆಡುವುದಿಲ್ಲವೇ? ಆಡುತ್ತಾನೆ. ಆದರೆ ಅವನಿಗೆ ಗೈಡಿನಿಂದ ಬಂದದ್ದಲ್ಲ ಅದು. ಯಾರು ಯಾರಿಗೆ, ಯಾವ ಮುಖ ಮಾಡಿಕೊಂಡು, ಎಷ್ಟು ವ್ಯಂಗ್ಯ ಬೆರೆಸಿ ಆ ಮಾತಾಡುತ್ತಾರೆ ಎಂಬುದನ್ನು ಅವನು ಚಿಕ್ಕಂದಿನಿಂದ ಕೇಳಿದ್ದಾನೆ. ಹುಳಿ ಹಿಂಡುವುದು ಎಂದಾಗ ಹಾಲು ಒಡೆಯುವ ಚಿತ್ರ ಬಿಡಿಸಿ ಹೇಳದೆಯೇ ಕನ್ನಡದ ಮಗುವಿಗೆ ಗೊತ್ತಾಗುವ ಹಾಗೆ. ನಮ್ಮ ವಿದ್ಯಾರ್ಥಿಗೆ ಆ ಕೇಳ್ಮೆಯ ಭಾಗ್ಯವಿಲ್ಲ. ಕೇಳ್ಮೆ ಕೊಡುವುದನ್ನು ಅವನಿಗೆ ತಿಳಿವಳಿಕೆಯೇ ಕೊಡಬೇಕು. ಅದೂ ಅಲ್ಲದೆ ಮರೆವು ಅವರಿಗೂ ಪೆಟ್ಟು ಕೊಟ್ಟಿದೆ. ತಿಂದು ನೋಡಿದರಲ್ಲವೇ ಪುಡಿಂಗಿನ ಪರೀಕ್ಷೆ ಎಂಬ ಗಾದೆಯಲ್ಲಿ 'ಪ್ರೂಫ್' ಎಂದರೆ ಪುರಾವೆಯಲ್ಲ, ಪರೀಕ್ಷೆ. ಪುಡಿಂಗ್ ಎಂದರೆ ಸಿಹಿಯಲ್ಲ, ಕರುಳಿನ ಚೀಲದಲ್ಲಿ ಮಾಂಸ ತುಂಬಿ ಬೇಯಿಸಿದ್ದು, ಒಳಗೇನಿದೆಯೋ ಎಂದು ಅನುಮಾನ ಪಡಬೇಕಾದದ್ದು. ಅದು ಮರೆತುಹೋಗಿ ಈಗ ಇಂಗ್ಲಿಷರೇ ಪುರಾವೆ ಪುಡಿಂಗಿನೊಳಗಿದೆ ಎಂದು ಅರ್ಥವಿಲ್ಲದ ಮೊಟಕು ಮಾತಾಡುತ್ತಾರೆ. ಬಲ್ಲವನೇ ಬಲ್ಲ ಬೆಲ್ಲದ ರುಚಿಯ ಎಂದರೆ ನಮ್ಮಲ್ಲಿ ಇನ್ನೂ ಯಾರಿಗೂ ಗೊಂದಲವಿಲ್ಲ.

ಎರಡನೆಯ ಆಕ್ಷೇಪ ಕೋಚಿಂಗ್ ಸೆಂಟರಿನದು: ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿರುವಾಗ ಪೀಪ್ಸ್‌ನ ದಿನಚರಿ ಓದಲು ಯಾರಿಗೆ ಪುರುಸೊತ್ತು? ಒಪ್ಪೋಣ. ಆದರೆ ಎರಡು ಸಾಲಿನ ಪಟ್ಟಿ ಬಾಯಿಪಾಠವಾದಷ್ಟೇ ಬೇಗ ಮರೆತುಹೋಗುತ್ತದೆ ಎಂಬುದೂ ಅದೇ ಸೆಂಟರಿನವರಿಗೆ ಗೊತ್ತು. ಒಂದು ಮಾತಿಗೆ ಒಂದು ಸಾಲಿನ ಚಿತ್ರ ಸೇರಿಸಲು ಇಡೀ ಚರಿತ್ರೆ ಬೇಡ.

ಮೂರನೆಯದಕ್ಕೆ ನಾನು ಅರ್ಧ ಸೋಲುತ್ತೇನೆ. ಕೈಗೆಟುಕದ ದ್ರಾಕ್ಷಿ ಹುಳಿ ಎಂದು ಕನ್ನಡಿಗರು ಎಷ್ಟೋ ಕಾಲದಿಂದ ಹೇಳುತ್ತಿಲ್ಲವೇ? ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ ಎನ್ನುವುದು ಇಂಗ್ಲಿಷಿನಲ್ಲೂ ಇದೆ, ನಮ್ಮಲ್ಲೂ ಅಷ್ಟೇ ಸಹಜವಾಗಿದೆ. ಹಾಗಿದ್ದ ಮೇಲೆ ಹೊರಗಿನ ಮಾತನ್ನು ಪದಕ್ಕೆ ಪದ ತಂದರೆ ತಪ್ಪೇನು? ತಪ್ಪಿಲ್ಲ, ಬಂದ ಮಾತಿಗೆ ಇಲ್ಲಿ ಒಲೆ ಸಿಕ್ಕರೆ. ದ್ರಾಕ್ಷಿಯ ಜೊತೆ ಈಸೋಪನ ನರಿಯೂ ಬಂತು, ಶಾಲೆಯ ಪಾಠದಲ್ಲಿ ಕೂತಿತು, ಕಥೆ ಗ್ರಾಮಗ್ರಾಮಕ್ಕೆ ಹೋಯಿತು. ಬಾಣಲೆ ಪ್ರತಿ ಮನೆಯಲ್ಲೂ ಇದೆ. 'ಇದು ನನ್ನ ಕಪ್ ಚಹಾ ಅಲ್ಲ' ಎಂಬ ಉಪಶೀರ್ಷಿಕೆಗೆ ಆ ಭಾಗ್ಯವಿಲ್ಲ. ಇಲ್ಲಿ ಒಂದೇ ಪಾತ್ರೆಯಲ್ಲಿ ಕುದಿಸಿ ಎಲ್ಲರಿಗೂ ಒಂದೇ ಬಗೆಯ ಚಹಾ ಸೋಸಿ ಕೊಡುತ್ತಾರೆ. ಹಾಲು ಎಷ್ಟು, ಸಕ್ಕರೆ ಎಷ್ಟು ಎಂದು ಒಬ್ಬೊಬ್ಬರನ್ನೂ ಕೇಳಿ ಬೆರೆಸುವ ಮನೆಯಲ್ಲಿ ಆ ಮಾತಿಗೆ ರುಚಿ. ಸಿನಿಮಾದ ಸಂಭಾಷಣೆಯಲ್ಲಿ 'ನಮಗಲ್ಲ ಬಿಡು ಇದು' ಎಂದರೆ ಸಾಕಾಗುವಲ್ಲಿ ಅನುವಾದಕರು ಚಹಾ ಕಾಯಿಸುತ್ತಾ ಕೂರುತ್ತಾರೆ. ಕಂಪ್ಯೂಟರಿನ ಅನುವಾದವನ್ನು ತಿದ್ದದೆ ಅಚ್ಚಿಗೆ ಕಳಿಸುವ ಸುದ್ದಿಮನೆಗಳು ಹೆಚ್ಚುತ್ತಿರುವ ಕಾಲದಲ್ಲಿ ಇದು ಸಣ್ಣ ದೂರಲ್ಲ. 'ಪೀಸ್ ಆಫ್ ಕೇಕ್' ಕೇಕಿನ ತುಂಡಾಗಿ ಪುಟದ ಮೇಲೆ ಬೀಳುವಾಗ ಸುಲಿದ ಬಾಳೆಹಣ್ಣು ಪಕ್ಕದಲ್ಲೇ ಕೂತಿರುತ್ತದೆ. 'ಹಾರ್ಡ್ ನಟ್' ಗಟ್ಟಿ ಕಾಯಿಯಾಗುವಾಗ ಕಬ್ಬಿಣದ ಕಡಲೆ ಕಾಯುತ್ತಿರುತ್ತದೆ.

ಇಂಗ್ಲಿಷರ ಅಡುಗೆಮನೆಯ ಚರಿತ್ರೆ ಕಟ್ಟಿಕೊಂಡು ನಮಗೇನು ಎಂದು ಸ್ವಾಭಿಮಾನದಿಂದ ಕೇಳುವವರೂ ಇದ್ದಾರೆ. ಅವರಿಗೆ ಒಂದು ಪದ ತೋರಿಸಿದರೆ ಸಾಕು. ಇಂಗ್ಲಿಷಿನ 'ಕರಿ' ದ್ರಾವಿಡ ನುಡಿಗಳಿಂದ ಹೋದದ್ದು; ಪೋರ್ಚುಗೀಸರು ಗೋವೆಯಲ್ಲಿ ಬಳಸಿದ 'ಕರಿಲ್' ರೂಪ ಕನ್ನಡದ್ದು ಎಂದು 1886ರ 'ಹಾಬ್ಸನ್-ಜಾಬ್ಸನ್' ನಿಘಂಟು ಬರೆದಿದೆ. ಅದೇ ಇಂಗ್ಲಿಷಿನಲ್ಲಿ ಓಲೈಸಿ ಕೆಲಸ ಮಾಡಿಸಿಕೊಳ್ಳುವುದಕ್ಕೆ 'ಕರಿ ಫೇವರ್' ಎಂಬ ಮಾತಿದೆ. ಇಲ್ಲಿನ ಕರಿಗೂ ನಮ್ಮ ಸಾರಿಗೂ ಯಾವ ಸಂಬಂಧವೂ ಇಲ್ಲ. 14ನೇ ಶತಮಾನದ ಫ್ರಾನ್ಸಿನ ಒಂದು ವಿಡಂಬನ ಕಾವ್ಯದಲ್ಲಿ ಫೋವೆಲ್ ಎಂಬ ಕುದುರೆ ಅಧಿಕಾರಕ್ಕೇರುತ್ತದೆ, ರಾಜರಿಂದ ಹಿಡಿದು ಧರ್ಮಗುರುಗಳ ತನಕ ಎಲ್ಲರೂ ಸಾಲುಗಟ್ಟಿ ಬಂದು ಅದಕ್ಕೆ ಮಾಲೀಸು ಮಾಡುತ್ತಾರೆ. ಕುದುರೆಯ ಮೈ ಉಜ್ಜುವುದೇ ಆ 'ಕರಿ', ಫೋವೆಲ್ ಎಂಬ ಹೆಸರೇ ಸವೆದು 'ಫೇವರ್' ಆದದ್ದು. ಗೈಡು ಅಚ್ಚು ಹಾಕುವವರಲ್ಲಿ ಇಷ್ಟೇ ಕೋರಿಕೆ: ಮುಂದಿನ ಮುದ್ರಣದಲ್ಲಿ ಎರಡು ಸಾಲಿನ ಪಕ್ಕ ಮೂರನೆಯದೊಂದು ಸಾಲು ಎಳೆಯಿರಿ, ಆ ಮಾತು ಎಲ್ಲಿಯದು, ಯಾವ ಕಾಲದ್ದು, ನಮ್ಮಲ್ಲಿ ಅದಕ್ಕೆ ಏನನ್ನುತ್ತಾರೆ ಎಂದು ಬರೆಯಿರಿ, ಕಾಲ ಗೊತ್ತಿಲ್ಲದಿದ್ದರೆ ಕಥೆ ಕಟ್ಟದೆ ಜಾಗ ಖಾಲಿ ಬಿಡಿ. ಹಾಗೆಯೇ ಊಟದ ಪಟ್ಟಿಯಲ್ಲಿ ಎಲ್ಲಾದರೂ 'ಕರಿ ಫೇವರ್' ಸೇರಿಕೊಂಡಿದ್ದರೆ ಅದನ್ನು ಎಬ್ಬಿಸಿ ಲಾಯಕ್ಕೆ ಕಟ್ಟಿಹಾಕಿ.